ಹಾಸನೂರು, ದಿಂಬಂ ದಾರಿಯಲ್ಲಿ ಹೋಗುವವರಿಗೆ

ಚಾಮರಾಜನಗರದಿಂದ ಹಾಸನೂರು, ದಿಂಬಂ ಮಾರ್ಗವಾಗಿ ಸತ್ಯಮಂಗಲಕ್ಕೆ ಇಳಿಯಬೇಕೆಂದಿರುವವರು ಮೊದಲು ಹೊತ್ತಿನ ಲೆಕ್ಕ ಹಾಕಿಕೊಳ್ಳಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಈ ಘಾಟಿಯಲ್ಲಿ ಸರಕು ವಾಹನಗಳಿಗೆ ಸಂಜೆ 6ರಿಂದಲೂ ಕಾರುಗಳಿಗೆ ರಾತ್ರಿ 9ರಿಂದಲೂ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆ. ಚೆಕ್‌ಪೋಸ್ಟಿನಲ್ಲಿ ಇದಕ್ಕಾಗಿ ಸಿಡಿಮಿಡಿಗೊಂಡವರನ್ನು ಕಂಡೆನಾದರೂ, ಈ ನಿರ್ಬಂಧ ಬಹಳ ಹಿಂದೆಯೇ ಬರಬೇಕಿತ್ತೆಂಬುದು ನನ್ನ ಖಚಿತ ಅಭಿಪ್ರಾಯ. ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮುದುಮಲೆಗಳ ಕಾಡನ್ನು ಒಂದಕ್ಕೊಂದು ಬೆಸೆದು, ಪೂರ್ವಘಟ್ಟ ಪಶ್ಚಿಮಘಟ್ಟಗಳನ್ನು ಕೂಡಿಸುವ ಸತ್ಯಮಂಗಲದ ಕಾಡು ಇದು. 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. 27 ಕಡಿದಾದ ತಿರುವುಗಳ ಹೆದ್ದಾರಿ ಅದರ ನಡುವೆಯೇ ಹಾದುಹೋಗುತ್ತದೆ.

ನನಗೆ ಬೇಸರ ತಂದದ್ದು ತಂಗಿದ ಕೋಣೆ. ‘ಕಿಟಕಿಯಿಂದಲೇ ಆನೆ ಕಾಣುತ್ತದೆ’ ಎಂದು ಫೋನಿನಲ್ಲಿ ನಂಬಿಸಿ ದುಪ್ಪಟ್ಟು ಬಾಡಿಗೆ ಪಡೆದರು. ಹೋಗಿ ನೋಡಿದರೆ ಬೇಲಿಯಾಚೆ ಉಪ್ಪಿನ ಗಡ್ಡೆಗಳನ್ನಿಟ್ಟು, ಅದರ ಮೇಲೆ ರಾತ್ರಿಯಿಡೀ ಪ್ರಖರ ದೀಪ ಬೀಳುವಂತೆ ಮಾಡಿದ್ದರು. ಹೀಗೆ ರುಚಿ ಹತ್ತಿಸಿದ ಆನೆ ನಾಳೆ ಪಕ್ಕದ ರೈತನ ಹೊಲಕ್ಕೆ ನುಗ್ಗಿದರೆ ನಷ್ಟ ರೈತನದು, ಕೆಟ್ಟ ಹೆಸರು ಆನೆಯದು. ಅದೇ ಜನ ಮೋಯಾರ್ ಕಣಿವೆಯ ರಣಹದ್ದಿನ ಗೂಡು ತೋರಿಸಲು ಜೀಪಿನ ಏರ್ಪಾಡೂ ಮಾಡುವುದಾಗಿ ಹೇಳಿದರು. ದಯವಿಟ್ಟು ಯಾರೂ ಒಪ್ಪಬೇಡಿ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಅವುಗಳ ಹೆಣ ತಿಂದಾಗ ಒಳಸೇರಿ ದೇಶದೆಲ್ಲೆಡೆ ಬಹುಪಾಲು ನಾಶವಾದ ಈ ಹಕ್ಕಿ, 2006ರಲ್ಲಿ ಅದರ ಪಶುವೈದ್ಯ ಬಳಕೆಯನ್ನು ನಿಷೇಧಿಸಿದ ಮೇಲೂ ಮೊದಲಿನಂತಾಗಿಲ್ಲ. ಹೊಳೆದಂಡೆಯ ಮತ್ತಿಮರದಲ್ಲಿ ಅದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕೆಳಗೆ ಜೀಪು ನಿಂತು ಗದ್ದಲವಾದರೆ ಅದೂ ಕೈತಪ್ಪಬಹುದು.

ತಾಳವಾಡಿಯಲ್ಲಿ ತಂಗುವುದೇ ಮೇಲು. ತಮಿಳುನಾಡಿಗೆ ಸೇರಿದ ಊರಾದರೂ ಅಲ್ಲಿ ಮಾತೆಲ್ಲ ಕನ್ನಡವೇ. ಬಸ್ ನಿಲ್ದಾಣದ ಬಳಿ, ಶೀಟು ಹೊದಿಸಿದ ಸಣ್ಣ ಹೋಟೆಲೊಂದರಲ್ಲಿ ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಉಪ್ಪೆಸರು, ಪಕ್ಕಕ್ಕೆ ಬೆಳ್ಳುಳ್ಳಿ ಜಜ್ಜಿ ಅರೆದ ಮೆಣಸಿನಕಾಯಿ ಖಾರ ಬಡಿಸಿದರು. ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ. ‘ಇನ್ನೊಸಿ ಎಸರು ಹಾಕುಸ್ಕೊಳಿ, ಸಾರ್’ ಎಂದು ಆ ತಾಯಿ ಕೇಳದೆಯೇ ಎರಡು ಸಲ ಬಡಿಸಿ, ಒಂದು ಊಟದ ದುಡ್ಡಷ್ಟೇ ತೆಗೆದುಕೊಂಡರು. ರಾಗಿ, ಹುರುಳಿ ಎರಡೂ ಸುತ್ತಲಿನ ಮಳೆಯಾಶ್ರಿತ ಹೊಲಗಳ ಬೆಳೆಯಂತೆ. ಕಾಡಂಚಿನಲ್ಲಿ ಕಬ್ಬು, ಬಾಳೆ ಬೆಳೆದಲ್ಲಿ ಆನೆಯ ಕಾಟ ಹೆಚ್ಚೆಂದೂ ಅವರೇ ಹೇಳಿದರು.

ಬಸ್ಸಿನಲ್ಲಿ ನಿಂತೇ ಪ್ರಯಾಣಿಸಬೇಕಾಗಬಹುದು. ವೃದ್ಧರನ್ನು ಕರೆದೊಯ್ಯುವವರು ಬೆಳಗಿನ ಬಸ್ಸನ್ನೇ ಹಿಡಿಯಲಿ. ಕಾರಿನಲ್ಲಿ ಹೋಗುವವರು ಹಾಸನೂರಿನ ಆಸುಪಾಸಿನಲ್ಲಿ ನಿಧಾನವಾಗಿ ಸಾಗಬೇಕು. ಲಾರಿಯವರು ಎಸೆದ ಕಬ್ಬಿನ ರುಚಿ ಕಂಡ ಆನೆಗಳು ಅಲ್ಲಿ ರಸ್ತೆಗೇ ಬಂದು ನಿಲ್ಲುತ್ತವೆ. ಅಂಥ ಹೊತ್ತಿನಲ್ಲಿ ಹಾರ್ನ್ ಹಾಕದೆ, ಕೆಳಗಿಳಿಯದೆ, ಬಾಳೆಹಣ್ಣು ಎಸೆಯದೆ, ಅವು ದಾಟಿ ಹೋಗುವವರೆಗೆ ದೂರದಲ್ಲೇ ಕಾಯಬೇಕು.