ಒಂದೇ ಒಂದು ಹಲ್ಲು ತಪ್ಪಿದ ಟೈಮಿಂಗ್ ಬೆಲ್ಟ್

ಹೋದ ವಾರ ಗ್ಯಾರೇಜಿಗೆ ಬಂದ ಹಳೆಯ ಕಾರ್ಬುರೇಟರ್ ಮಾರುತಿ 800ಕ್ಕೆ ಬೇರೆಡೆ ಹೊಸ ಟೈಮಿಂಗ್ ಬೆಲ್ಟ್ (ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿಗೂ ಜೋಡಿ ಹಾಕುವ ಹಲ್ಲಿನ ಬೆಲ್ಟ್) ಹಾಕಿದ್ದರು. ಸ್ಟಾರ್ಟ್ ಆಗುತ್ತದೆ, ಆದರೆ ಐಡಲ್‌ನಲ್ಲಿ ನಡುಗುತ್ತದೆ, ಏರಿನಲ್ಲಿ ಪಿಕಪ್ ಇಲ್ಲ, ಒಮ್ಮೊಮ್ಮೆ ಕಾರ್ಬುರೇಟರ್ ಕಡೆಯಿಂದ ಫಟ್ ಅನ್ನುತ್ತದೆ. ಬಾನೆಟ್ ಎತ್ತಿದೊಡನೆ ಕಣ್ಣಿಗೆ ಬಿದ್ದದ್ದು ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಅದರ ಬೋಲ್ಟ್ ಸ್ಲಾಟಿನ ತುದಿ ಮುಟ್ಟುವಷ್ಟು ತಿರುಗಿಸಿ ಬಿಗಿದಿದ್ದರು.

ಹೀಗೆ ಕಂಡರೆ ಬೆಲ್ಟ್ ಕವರ್ ಬಿಚ್ಚಲೇಬೇಕು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗಿಸುವುದು ಕ್ಯಾಮ್‌ಶಾಫ್ಟ್. ಬೆಲ್ಟ್ ಒಂದು ಹಲ್ಲು ಹಿಂದೆ ಕೂತರೆ ಕಿಡಿಯೂ ತಡ, ವಾಲ್ವೂ ತಡ. ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಕಿಡಿಯ ಹೊತ್ತು ಮಾತ್ರ ಸರಿಹೋಗುತ್ತದೆ, ವಾಲ್ವ್ ತೆರೆದು ಮುಚ್ಚುವ ಹೊತ್ತು ತಪ್ಪಿದ್ದು ತಪ್ಪಿದ ಹಾಗೇ ಇರುತ್ತದೆ. ಒಂದು ಹಲ್ಲು ಎಂದರೆ ಕಡಿಮೆಯಲ್ಲ. ಕ್ರ್ಯಾಂಕ್ ಕಡೆ 20 ಹಲ್ಲಿನ ಪುಲ್ಲಿ ಇದ್ದರೆ ಅದು ಪೂರಾ 18 ಡಿಗ್ರಿ. ಇಗ್ನಿಷನ್ ಟೈಮಿಂಗ್ ಬೇರೆ, ವಾಲ್ವ್ ಟೈಮಿಂಗ್ ಬೇರೆ. ಒಂದರ ತಪ್ಪನ್ನು ಇನ್ನೊಂದರಿಂದ ಮುಚ್ಚಲು ಹೋಗಬಾರದು.

ಬ್ಯಾಟರಿಯ ನೆಗೆಟಿವ್ ತೆಗೆದು, ಮೂರೂ ಪ್ಲಗ್ ಬಿಚ್ಚಿದೆವು. ಪ್ಲಗ್ ಇಲ್ಲದಿದ್ದರೆ ಕಂಪ್ರೆಷನ್ ಅಡ್ಡ ಬರುವುದಿಲ್ಲ, ಎಂಜಿನ್ ಕೈಗೆ ಹಗುರವಾಗಿ ಸಿಗುತ್ತದೆ. ಫ್ಯಾನ್ ಬೆಲ್ಟ್, ವಾಟರ್ ಪಂಪ್ ಪುಲ್ಲಿ, ಕ್ರ್ಯಾಂಕ್ ಪುಲ್ಲಿ, ಹೊರಗಿನ ಕವರ್ ತೆಗೆದು, ಬೆಲ್ಟ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಕ್ರ್ಯಾಂಕ್ ತಿರುಗಿಸಿದೆವು. ಒಳಗಿನ ಹಲ್ಲು ಪುಲ್ಲಿಯ ಪಂಚ್ ಗುರುತು ಆಯಿಲ್ ಪಂಪ್ ಮೈಮೇಲಿನ ಬಾಣಕ್ಕೆ ಸರಿಯಾಗಿ ಬಂತು. ಮೇಲೆ ಕ್ಯಾಮ್ ಪುಲ್ಲಿಯ ಗುರುತು ಹೆಡ್ ಬದಿಯ 'ವಿ' ಗುರುತಿಗೆ ಬರಲಿಲ್ಲ, ಒಂದು ಹಲ್ಲು ಹಿಂದೆಯೇ ನಿಂತಿತು. ಇಂಥ ಗುರುತನ್ನು ಓರೆಯಿಂದ ನೋಡಿದರೆ ಅರ್ಧ ಹಲ್ಲು ಆಚೀಚೆ ಕಂಡು ಮೋಸವಾಗುತ್ತದೆ. ಕಣ್ಣು ಗುರುತಿನ ನೇರಕ್ಕೇ ಇರಬೇಕು, ಜಾಗ ಸಾಲದಿದ್ದರೆ ಸಣ್ಣ ಕನ್ನಡಿ ಹಿಡಿಯಬೇಕು.

ಇಲ್ಲಿ ಬಹಳ ಜನ ಬಿಟ್ಟುಬಿಡುವ ಕೆಲಸವೊಂದಿದೆ: ಹೆಡ್ ಕವರ್ ತೆಗೆದು ಆರೂ ವಾಲ್ವುಗಳ ಟ್ಯಾಪೆಟ್ ಸ್ಕ್ರೂ (ವಾಲ್ವಿನ ಸಂದು ಹೊಂದಿಸುವ ಸ್ಕ್ರೂ) ಸಡಿಲಿಸುವುದು. ಬೆಲ್ಟ್ ಎಷ್ಟು ಬಿಗಿಯಿರಬೇಕೆಂದು ತೀರ್ಮಾನಿಸುವುದು ಟೆನ್ಶನರಿನ (ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ರಾಟೆಯ) ಸ್ಪ್ರಿಂಗ್. ವಾಲ್ವ್ ಸ್ಪ್ರಿಂಗುಗಳು ಕ್ಯಾಮನ್ನು ಒಂದು ಕಡೆಗೆ ತಳ್ಳುತ್ತಿದ್ದರೆ ಆ ಲೆಕ್ಕವೇ ಕೆಡುತ್ತದೆ. ಟ್ಯಾಪೆಟ್ ಸಡಿಲಿಸಿದ ಮೇಲೆ ಕ್ಯಾಮ್ ಪುಲ್ಲಿ ಕೈಬೆರಳಿಗೇ ತಿರುಗುತ್ತದೆ, ಗುರುತಿಗೆ ತಂದು ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಟೆನ್ಶನರನ್ನು ಬೆರಳಿನಿಂದ ಮೇಲೆ ಒತ್ತಿ ಹಿಡಿದು, ಟೆನ್ಶನರ್ ಇಲ್ಲದ ಕಡೆ ಬೆಲ್ಟ್ ಜೋಲದಂತೆ ಕೂರಿಸಬೇಕು. ಸಡಿಲವೆಲ್ಲ ಟೆನ್ಶನರ್ ಕಡೆಗೇ ಬರಬೇಕು. ಬೆಲ್ಟಿನ ಮೇಲೆ ಬಾಣವಿದ್ದರೆ ಅದು ತಿರುಗುವ ದಿಕ್ಕಿಗಿರಲಿ. ಬೆಲ್ಟ್ ಹತ್ತದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಲೇಬಾರದು. ಒಳಗಿನ ದಾರ ಕಡಿದರೆ ಹೊರಗೆ ಕಾಣುವುದಿಲ್ಲ. ಬೆರಳು ಬಿಟ್ಟು ಸ್ಪ್ರಿಂಗಿಗೆ ಎಳೆಯಲು ಬಿಡಿ, ಕ್ರ್ಯಾಂಕನ್ನು ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ, ಆಮೇಲೆ ಟೆನ್ಶನರಿನ ಸ್ಟಡ್ ಮೊದಲು, ಬೋಲ್ಟ್ ನಂತರ ಬಿಗಿಯಿರಿ. ಗುರುತುಗಳು ಎರಡೂ ಮತ್ತೆ ಸರಿಯಾಗಿ ಕೂತರೆ ಮಾತ್ರ ಕವರ್ ಮುಚ್ಚುವುದು. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಬಹಳ ಎಂಜಿನ್ನುಗಳಲ್ಲಿ ಅದು ಪಿಸ್ಟನ್ನು ವಾಲ್ವಿಗೆ ಮುಟ್ಟಿದ ಸೂಚನೆ, ಒಂದು ಎಳೆತಕ್ಕೆ ವಾಲ್ವ್ ಬಾಗುತ್ತದೆ.

ಇನ್ನೂ ಬಿಗಿ ಮಾಡೋಣ ಎಂದು ಟೆನ್ಶನರನ್ನು ಪಾನಾದಿಂದ ಒತ್ತಿ ಹಿಡಿದು ಬಿಗಿಯುವವರಿದ್ದಾರೆ. ಅಂಥ ಬೆಲ್ಟ್ ಸುಯ್ ಎಂದು ಕೂಗುತ್ತದೆ, ಟೆನ್ಶನರ್ ಬೇರಿಂಗನ್ನೂ ಬೇಗ ತಿನ್ನುತ್ತದೆ. ಸಡಿಲವಿದ್ದರೆ ಹಲ್ಲು ಹಾರುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲೇ ನಿಲ್ಲಿಸಿದ ಗಾಡಿ ಹಿಂದಕ್ಕೆ ಜಾರಿದರೆ ಎಂಜಿನ್ ಉಲ್ಟಾ ತಿರುಗುತ್ತದೆ, ಸಡಿಲ ಬೆಲ್ಟಿಗೆ ಅಷ್ಟೇ ಸಾಕು.

ಈ ಗಾಡಿಯಲ್ಲಿ ಕ್ರ್ಯಾಂಕ್ ಸೀಲಿನ ಸುತ್ತ ಆಯಿಲ್ ಜಿನುಗಿ ಬೆಲ್ಟಿನ ಅಂಚು ನೆಂದಿತ್ತು. ಆಯಿಲ್ ಕುಡಿದ ರಬ್ಬರ್ ಉಬ್ಬಿ ಹಲ್ಲು ಬಿಡುತ್ತದೆ, ಒರೆಸಿ ಹಾಕಿದರೂ ಬಾಳಿಕೆ ಬರುವುದಿಲ್ಲ. ಅದಕ್ಕೇ ಸೀಲ್ ಬದಲಿಸಿ ಬೇರೆ ಬೆಲ್ಟ್ ಹಾಕಿದೆವು. ಟೆನ್ಶನರನ್ನು ಬೆರಳಲ್ಲಿ ತಿರುಗಿಸಿದಾಗ ಗರಗರ ಎಂದಿತು, ಅದನ್ನೂ ಬದಲಿಸಿದೆವು.

ಕೊನೆಗೆ ಟ್ಯಾಪೆಟ್. ಪ್ರತಿ ಸಿಲಿಂಡರನ್ನೂ ಕಂಪ್ರೆಷನ್ನಿನ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗಕ್ಕೆ) ತಂದು, ಎಂಜಿನ್ ತಣ್ಣಗಿರುವಾಗಲೇ 0.15 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸ್ವಲ್ಪ ಹಿಡಿದು ಎಳೆಯುವ ಹಾಗೆ ಸೆಟ್ ಮಾಡಿ ಲಾಕ್‌ನಟ್ ಬಿಗಿದೆವು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಕೂಡ ತಿರುಗುತ್ತದೆ, ಹಾಗಾಗಿ ಬಿಗಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಬೇಕು. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಎಂಜಿನ್ ಬಿಸಿಯಾದ ಮೇಲೆ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ಹೊಂದಿಸಿದಾಗ ಅದರ ಬೋಲ್ಟ್ ಸ್ಲಾಟಿನ ನಡುವಿಗೇ ಬಂದು ನಿಂತಿತು, ಕಾರ್ಬುರೇಟರಿನ ಫಟ್ ಸದ್ದೂ ಹೋಯಿತು.