ದಿವಾರ್ ದ್ವೀಪದ ಏರಿ ರಸ್ತೆಯಲ್ಲಿ

ಹಳೇ ಗೋವಾದ ವೈಸ್‌ರಾಯ್ ಕಮಾನು ದಾಟಿದರೆ ಮಾಂಡವಿ ನದಿ. ಫೆರಿ ಹತ್ತಿ ಆಚೆ ಇಳಿದರೆ ದಿವಾರ್ ದ್ವೀಪ. ಅಲ್ಲಿಂದ ಊರಿನ ಕಡೆ ಹೋಗುವ ರಸ್ತೆ ತಗ್ಗಿನ ಗದ್ದೆಗಳ ನಡುವೆ ಏರಿಯ ಮೇಲೆ ಸಾಗುತ್ತದೆ. ಮಳೆಗಾಲದಲ್ಲಿ ಎರಡೂ ಬದಿ ನೀರೋ ನೀರು. ಹಾವು, ಆಮೆಗಳು ಗಾಡಿಗೆ ಸಿಕ್ಕಿ ಸಾಯುವ ಈ ರಸ್ತೆ ನೋಡಬೇಕೆಂದೇ ನಾನು ಹೋಗಿದ್ದು.

ಜೊತೆಗೆ ಕಾಕಾ ಇದ್ದರು. ಬಾಗಲಕೋಟೆ ಕಡೆಯಿಂದ ಬಂದು ವಾಸ್ಕೋದಲ್ಲಿ ಟೆಂಪೊ ಓಡಿಸುತ್ತಾ ನೆಲೆಯಾದವರು. ಆಗಷ್ಟೇ ಪಂಚಮಿ ಮುಗಿದಿತ್ತು, ಕಾಕಿ ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿಕೊಟ್ಟಿದ್ದರು. ಸ್ಕೂಟರ್ ಫೆರಿಯಿಂದ ಇಳಿಸುತ್ತಲೇ ಕಾಕಾ ಅಂದರು, "ಮಳಿ ನಿಂತೈತಿ ನೋಡು. ಈಗ ಹಾವು ರಸ್ತಾಕ್ಕ ಬರ್ತಾವ. ಸಾವಕಾಶ ಹೋಗೂಣು."

ಇಲ್ಲಿನ ತಗ್ಗು ನೆಲಕ್ಕೆ ಖಾಜಾನ್ ಅಂತಾರೆ. ನೂರಾರು ವರ್ಷಗಳ ಹಿಂದೆ ಊರವರೇ ಮಣ್ಣಿನ ಒಡ್ಡು ಕಟ್ಟಿ, ತೂಬಿನ ಬಾಗಿಲಿಟ್ಟು ಉಪ್ಪುನೀರನ್ನು ಹತೋಟಿಯಲ್ಲಿಟ್ಟ ಜಾಗ. ಭತ್ತ, ಮೀನು, ಕಪ್ಪೆ ಎಲ್ಲ ಒಟ್ಟಿಗೆ ಬೆಳೆಯುತ್ತವೆ. ಕಪ್ಪೆ ಇದ್ದಲ್ಲಿ ಹಾವು ಇದ್ದೇ ಇರುತ್ತದೆ, ಅಲ್ವಾ?

ಸ್ವಲ್ಪ ದೂರದಲ್ಲೇ ಒಂದು ಒಳ್ಳೆ ಹಾವು ಚಪ್ಪಟೆಯಾಗಿ ಬಿದ್ದಿತ್ತು. ಕೂತು ನೋಡಿದೆ. ಬೆನ್ನ ಮೇಲೆ ಚದುರಂಗದ ಹಾಸಿನಂಥ ಕಪ್ಪು ಮಚ್ಚೆ, ಕಣ್ಣಿನ ಕೆಳಗೆ ಎರಡು ಓರೆ ಗೆರೆ. ಒಡೆದ ಹೊಟ್ಟೆಯಿಂದ ಅರ್ಧ ನುಂಗಿದ ಕಪ್ಪೆಯ ಕಾಲು ಹೊರಬಂದಿತ್ತು. ವಿಷವಿಲ್ಲದ ಹಾವು. ನನಗೆ ತುಂಬಾ ಸಂಕಟವಾಯಿತು. ಬಿಸಿಲಲ್ಲಿ ಕಾದ ಡಾಂಬರು ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ಹಾವಿನ ಮೈಗೆ ತನ್ನದೇ ಕಾವಿಲ್ಲ, ಹೀಗಾಗಿ ಬೆಚ್ಚಗಿರುವ ಜಾಗಕ್ಕೆ ಬಂದು ಮಲಗುತ್ತದೆ. ಒದ್ದೆ ರಸ್ತೆಗೆ ಕಪ್ಪೆಗಳೂ ಬರುತ್ತವೆ, ಅವುಗಳ ಹಿಂದೆಯೇ ಹಾವೂ ಬರುತ್ತದೆ.

ಆಮೆಯ ಕಷ್ಟ ಬೇರೆ. ಮೊಟ್ಟೆ ಇಡಲು ಅದು ನೀರು ಬಿಟ್ಟು ಒಣ ನೆಲಕ್ಕೆ ಬರಲೇಬೇಕು. ಹಾಗಾಗಿ ಗಾಲಿಗೆ ಸಿಗುವುದರಲ್ಲಿ ಹೆಣ್ಣುಗಳೇ ಜಾಸ್ತಿ ಇರುವುದನ್ನು ಬೇರೆ ದೇಶಗಳಲ್ಲಿ ಕಂಡಿದ್ದಾರೆ. ಆಮೆ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು. ಮೊಟ್ಟೆ ಹೊತ್ತ ಒಂದು ಆಮೆ ಸತ್ತರೆ ಆ ಕೆರೆಗೆ ಅದು ಸಣ್ಣ ನಷ್ಟವಲ್ಲ.

ಕೆನಡಾದ ಈರಿ ಸರೋವರದ ಲಾಂಗ್ ಪಾಯಿಂಟ್‌ನಲ್ಲಿ ಜೌಗಿನ ನಡುವೆ ಇಂಥದೇ ಏರಿ ರಸ್ತೆಯಿದೆ. ಉದ್ದ 3.6 ಕಿ.ಮೀ. ಅಷ್ಟೇ. 1979ರಿಂದ 1993ರ ನಡುವಿನ ನಾಲ್ಕು ವರ್ಷ ಅಲ್ಲಿ ಲೆಕ್ಕ ಹಾಕಿದಾಗ ಸತ್ತ ಪ್ರಾಣಿಗಳು 32,000ಕ್ಕೂ ಹೆಚ್ಚು. ಕಪ್ಪೆಗಳೇ ಬಹುಪಾಲು, ಜೊತೆಗೆ ಹಾವು, ಆಮೆಗಳೂ ಇದ್ದವು. ಆಮೇಲೆ ರಸ್ತೆಯಲ್ಲಿ ನಕಲಿ ಹಾವು, ಆಮೆ ಇಟ್ಟು ನೋಡಿದರು. ನೂರು ಚಾಲಕರಲ್ಲಿ ಸುಮಾರು ಮೂವರು ಬೇಕಂತಲೇ ಹತ್ತಿಸಿದ್ದರು! ಕೊನೆಗೆ ಬದಿಗೆ ಬೇಲಿ ಹಾಕಿ, ಪ್ರಾಣಿಗಳು ದಾಟಲೆಂದು ರಸ್ತೆಯ ಅಡಿಯಲ್ಲಿ ಮೋರಿಗಳನ್ನು ಮಾಡಿದರು. ಸಾವು ಬಹಳ ಇಳಿಯಿತು.

ದಿವಾರ್ ರಸ್ತೆಯಲ್ಲೂ ಒಂದು ಪೈಪು ಕಂಡೆ. ಬಾಯಿಗೆ ಪ್ಲಾಸ್ಟಿಕ್ಕು, ಜೊಂಡು ತುಂಬಿತ್ತು. ಕಾಕಾ ಕೋಲು ತಂದು ಎಳೆದು ನೋಡಿದರು, ಬರಲಿಲ್ಲ. ಸುಮ್ನೆ ನೀರಿಗೆಂದು ಹಾಕಿದ ಪೈಪು ಸಾಲದು. ಒಳಗೆ ಒಂದು ಬದಿ ನಡೆದುಹೋಗಲು ಒಣ ಕಟ್ಟೆಯಿರಬೇಕು, ಹಾವು ಹತ್ತಲಾಗದಂಥ ನುಣುಪು ಮೋಟುಗೋಡೆ ಎರಡೂ ಕಡೆ ಇದ್ದು ಹಾವು, ಆಮೆಗಳನ್ನು ಪೈಪಿನ ಬಾಯಿಗೆ ತರಬೇಕು. ರಸ್ತೆ ಅಗಲ ಮಾಡುವಾಗಲೇ ಇದನ್ನು ಸೇರಿಸಿದರೆ ಖರ್ಚೂ ಕಡಿಮೆ.

ಕತ್ತಲಾಗುವ ಮುಂಚೆ ಒಂದು ನೀರಾಮೆ ಎದುರಾಯಿತು. ಎತ್ತಿದ ಕೂಡಲೇ ಹೊಟ್ಟೆಯ ಕಡೆಯ ಚರ್ಮದ ಮಡಿಕೆಗಳನ್ನು ಮುಚ್ಚಿ ಹಿಂಗಾಲು ಒಳಗೆ ಎಳೆದುಕೊಂಡಿತು. ಬಂದ ಕಡೆಗೇ ಬಿಡಲು ಹೋದೆ. ಕಾಕಾ ತಡೆದರು, "ಅದು ಹೊಂಟಿದ್ದ ಕಡೆನ ಬಿಡು. ಇಲ್ಲಾಂದ್ರ ಮತ್ತ ದಾಟಾಕ ಬರ್ತೈತಿ."