ಎಬ್ಬಿಸುವ ಪೆಟ್ಟಿಗೆ, ಭಾಗ 3: ಜಾಕೆಟ್ಟೂ ಕೋಡ್ ಬರೆಯುತ್ತಂತೆ

ಕೊನೆಗೂ ಪೆಟ್ಟಿಗೆಗೆ ನಾನು ಕಾಣಿಸುತ್ತಿದ್ದೇನೆ! ಇಲ್ಲಿಯವರೆಗೆ ಅದರ ಲೆಕ್ಕದಲ್ಲಿ ಮೇಜು, ಕುರ್ಚಿ, ನಾನು ಎಲ್ಲಾ ಒಂದೇ ಆಗಿದ್ದೆವು.

ಹೊಸಬರಿಗೆ ಎರಡು ಮಾತು. ಎಷ್ಟು ಹೊತ್ತಿನಿಂದ ಕೂತಿದ್ದೇನೆ ಅಂತ ಅಳೆದು, ಜಾಸ್ತಿ ಆದರೆ ಎಬ್ಬಿಸುವ ಪೆಟ್ಟಿಗೆ ಇದು. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್, ಕೂಗಲು ಒಂದು ಬಜರ್, ಒಂದು ಎಲ್‌ಇಡಿ, ಒಂದು ಸೆನ್ಸರ್, ಅಷ್ಟೇ. ಫೋನಿನ ಟೈಮರ್ ಸಾಲದಾ ಅಂತ ಕೇಳಬೇಡಿ. ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು ಶುರು ಮಾಡಿದ 25 ನಿಮಿಷದ ಪದ್ಧತಿ ನನಗೂ ಗೊತ್ತು. ಆದರೆ ಅಲಾರಂ ಹೊಡೆದ ತಕ್ಷಣ ಕೈ ತಾನಾಗಿಯೇ ಹೋಗಿ ಅದನ್ನು ಆರಿಸುತ್ತದೆ, ಕಣ್ಣು ಸ್ಕ್ರೀನ್ ಬಿಟ್ಟು ಕದಲುವುದಿಲ್ಲ. ನಾನು ಎದ್ದೆನೋ ಇಲ್ಲವೋ ಅನ್ನೋದು ಟೈಮರ್‌ಗೆ ಗೊತ್ತಾಗಬೇಕು. ಅದಕ್ಕೇ ಈ ಪಾಡು.

ಮೊದಲು ಹಾಕಿದ್ದು ಎಲ್ಲರ ಡಬ್ಬಿಯಲ್ಲೂ ಬಿದ್ದಿರುವ ಎಚ್‌ಸಿ-ಎಸ್‌ಆರ್501 ಅನ್ನುವ ಪಿಐಆರ್ ಸೆನ್ಸರ್. ಇದು ನೋಡುವುದು ಶಾಖದಲ್ಲಿ ಆಗುವ ಬದಲಾವಣೆಯನ್ನು. ಅಲ್ಲಾಡದೆ ಕೂತ ಮನುಷ್ಯ ಅದಕ್ಕೆ ಇಲ್ಲ. ಇದು ನಿಮಗೂ ಗೊತ್ತಿರುವ ವಿಷಯವೇ. ಟೈಪ್ ಮಾಡುವಾಗ ಕೈ ಆಡುತ್ತಲ್ಲ, ನಡೆಯುತ್ತದೆ ಅಂದುಕೊಂಡಿದ್ದೆ. ಪೆಟ್ಟಿಗೆ ಬರೆದಿಟ್ಟ ಲಾಗನ್ನು ಕೋಡ್ ಎಡಿಟರ್‌ನ ದಾಖಲೆ ಪಕ್ಕ ಇಟ್ಟು ನೋಡಿದಾಗ ಬೇರೆಯೇ ಕಥೆ. ಕೋಡ್ ಸರಾಗವಾಗಿ ಬರುತ್ತಿದ್ದ ಹೊತ್ತಿನಲ್ಲಿ 'ಇದ್ದಾರೆ'. ಬಗ್ ಸಿಕ್ಕದೆ ಸ್ಟ್ಯಾಕ್ ಟ್ರೇಸ್ (ಕೋಡ್ ಎಲ್ಲಿ ಮುಗ್ಗರಿಸಿತು ಅಂತ ತೋರಿಸುವ ಪಟ್ಟಿ) ದಿಟ್ಟಿಸುತ್ತಾ ಕೂತ ಹೊತ್ತಿನಲ್ಲಿ 'ಖಾಲಿ'. ಅಂದರೆ ಎದ್ದು ಹೋಗಲೇಬೇಕಾದ ಗಳಿಗೆಯಲ್ಲೇ ಪೆಟ್ಟಿಗೆ ನನ್ನನ್ನು ಬಿಡುವಿನಲ್ಲಿ ಇದ್ದಾರೆ ಅಂತ ಬರೆದುಕೊಳ್ಳುತ್ತಿತ್ತು. ಸಿಕ್ಕಿಬಿದ್ದಾಗ ನಾವು ಇಷ್ಟು ಕಲ್ಲಾಗುತ್ತೇವೆ ಅಂತ ನನಗೆ ಅಂದಾಜೇ ಇರಲಿಲ್ಲ. ಕಣ್ಣು ಮಿಟುಕಿಸುವುದೂ ಆಗ ಕಡಿಮೆ.

ಸರಿ, 24 ಗಿಗಾಹರ್ಟ್ಸ್ ರೇಡಾರ್, ಎಲ್‌ಡಿ2410. ಉಸಿರಾಟದ ಅಲುಗಾಟವೂ ಇದಕ್ಕೆ ಸಾಕು. ಮಾರುವವರು ಹಾಕಿದ್ದ ಚಿತ್ರದಲ್ಲಿ ಪಿನ್ ಅಂತರ 2.54 ಮಿಲಿಮೀಟರ್. ಬಂದದ್ದು 1.27ರದ್ದು. ದೂರು ಕೊಟ್ಟರೆ 'ಚಿತ್ರ ಮಾದರಿಗಾಗಿ ಮಾತ್ರ' ಅಂತ ಉತ್ತರ. ಬೆಸುಗೆ ಇಲ್ಲದೆ ಪಿನ್ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್‌ಗೆ ಇದು ಕೂರುವುದಿಲ್ಲ, ಹಾಗಾಗಿ ಅದು ಮೂಲೆಗೆ ಹೋಯಿತು, ಕೂದಲಿನಷ್ಟು ತೆಳು ವೈರ್ ಬೆಸುಗೆ ಹಾಕಿದ್ದಾಯಿತು. ಬಾಡ್ ರೇಟ್ (ಚಿಪ್ ಜೊತೆ ಮಾತಾಡುವ ವೇಗ) 256000 ಅನ್ನೋದನ್ನೂ ಪೊಟ್ಟಣದ ಮೇಲೆ ಬರೆದಿರಲಿಲ್ಲ ಬಿಡಿ.

ರೇಡಾರ್ ಹಾಕಿದ ಮೇಲೆ ಉಲ್ಟಾ ರೋಗ. ಈಗ ಕುರ್ಚಿ ಖಾಲಿ ಆಗುವುದೇ ಇಲ್ಲ! ನಾನು ಹೊರಗೆ ಅಡ್ಡಾಡಿ ಬಂದರೂ ಬಜರ್ ಖಾಲಿ ಕೋಣೆಗೆ 'ಏಳು, ಏಳು' ಅನ್ನುತ್ತಿತ್ತು.

ಇಂಥಾ ಹೊತ್ತಿನಲ್ಲಿ ಎಲ್ಲವನ್ನೂ ಒಟ್ಟಿಗೆ ತಿರುಚುವ ಚಪಲ ಬರುತ್ತದೆ, ಅಲ್ವಾ? ಸೆನ್ಸಿಟಿವಿಟಿ ಇಳಿಸು, ಕೋನ ಬದಲಿಸು, ಟೈಮ್‌ಔಟ್ ಹೆಚ್ಚಿಸು. ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಕೆಲಸದ ಕೋಡ್‌ಗೆ ಇಟ್ಟುಕೊಂಡ ನಿಯಮವನ್ನೇ ಇಲ್ಲೂ ಇಟ್ಟೆ: ಒಮ್ಮೆಗೆ ಒಂದೇ ಬದಲಾವಣೆ, ರನ್ ಮಾಡುವ ಮುಂಚೆಯೇ ಏನಾಗಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆಯುವುದು. ಆ ಪುಟ ಹೀಗಿದೆ (ರೇಡಾರ್ ತನ್ನ ಮುಂದಿನ ದೂರವನ್ನು ತುಂಡು ಮಾಡಿಕೊಳ್ಳುತ್ತದೆ, ಒಂದೊಂದು ತುಂಡೂ ಒಂದು ಗೇಟ್, ಎಣಿಕೆ ಸೊನ್ನೆಯಿಂದ ಶುರು):

'ಫ್ಯಾನ್ ಮೇಲೆ ಅನುಮಾನ. ಒಂದೊಂದು ಗೇಟಿಗೆ 0.75 ಮೀಟರ್. ಫ್ಯಾನ್ ಇರುವುದು ಮೂರು ಮೀಟರ್ ಆಚೆ. ಗೇಟ್ 1ರಿಂದ ಆಚೆಗಿನದೆಲ್ಲ ಮುಚ್ಚಿದರೆ ಖಾಲಿ ಅನ್ನಬೇಕು.' ಅನ್ನಲಿಲ್ಲ.

'ಫ್ಯಾನ್ ಆರಿಸಿದರೂ ಇದ್ದಾರೆ ಅನ್ನಬೇಕು.' ಅದೂ ಇಲ್ಲ, ಖಾಲಿ ಅಂದಿತು!

ಎರಡೂ ಊಹೆ ಸುಳ್ಳು. ಆದರೆ ಪಕ್ಕಪಕ್ಕ ಬರೆದಿದ್ದರಿಂದಲೇ ದಾರಿ ಸಿಕ್ಕಿತು. ಫ್ಯಾನ್ ರೇಡಾರ್‌ಗೆ ಕಾಣುತ್ತಿಲ್ಲ, ಆದರೂ ತಪ್ಪು ಫ್ಯಾನಿನದೇ. ಹಾಗಾದರೆ ಒಂದೂವರೆ ಮೀಟರ್ ಒಳಗೆ ಗಾಳಿಗೆ ಅಲ್ಲಾಡುತ್ತಿರುವುದು ಯಾವುದು? ಕುರ್ಚಿ ಬೆನ್ನಿಗೆ ನೇತುಹಾಕಿದ ಜಾಕೆಟ್. ಗಾಳಿಗೆ ಮೆಲ್ಲಗೆ ತೂಗಾಡುತ್ತಾ, ನನಗಿಂತ ಜಾಸ್ತಿ ಹೊತ್ತು ಕೆಲಸ ಮಾಡುತ್ತಿತ್ತು. ಸ್ನಾನ ಮಾಡುವಾಗ ಉತ್ತರ ಹೊಳೆಯಿತು ಅಂತ ಬರೆಯಲು ಆಸೆ. ಹೊಳೆದದ್ದು ನೋಟ್‌ಬುಕ್ ಓದುವಾಗ.

ಜಾಕೆಟ್ ಗೋಡೆಗೆ ಹೋಯಿತು. ರೇಡಾರಿನ ಎಂಜಿನಿಯರಿಂಗ್ ಮೋಡ್‌ನಲ್ಲಿ ಪ್ರತಿ ಗೇಟಿನಿಂದ ಬರುವ ಸಿಗ್ನಲ್ ಎಷ್ಟು ಅಂತ ನೋಡಿ, ಕೂತಾಗಿನದಕ್ಕೂ ಖಾಲಿ ಇದ್ದಾಗಿನದಕ್ಕೂ ನಡುವೆ ಮಿತಿ ಇಟ್ಟೆ.

ಉಳಿದದ್ದು ಸಾಫ್ಟ್‌ವೇರ್. ಯೋಚನೆಯ ನಡುವೆ ಬಜರ್ ಹೊಡೆದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಎರಡನೇ ದಿನಕ್ಕೆ ಪ್ಲಗ್ ಕಿತ್ತು ಎಸೆಯುತ್ತಾರೆ. ಅದಕ್ಕೆ ಹೊತ್ತು ಮುಗಿದ ಮೇಲೂ ಪೆಟ್ಟಿಗೆ ಸುಮ್ನೆ ಕಾಯುತ್ತದೆ. ಕೀಬೋರ್ಡ್ 30 ಸೆಕೆಂಡ್ ನಿಂತರೆ ಮಾತ್ರ ಕೂಗು, ಹೆಚ್ಚೆಂದರೆ ಐದು ನಿಮಿಷ ರಿಯಾಯಿತಿ. ಕೂಗಿದಾಗ ಒಂದು ಫೈಲ್ ತೆರೆಯುತ್ತದೆ, ಅದರಲ್ಲಿ ಒಂದು ಸಾಲು ಬರೆದು ಏಳಬೇಕು. ನಿನ್ನೆಯದು: 'ಪಾರ್ಸರ್ ಟೆಸ್ಟ್ ಫೇಲ್. ಖಾಲಿ ಸ್ಟ್ರಿಂಗ್ ಬಂದಾಗ ನಲ್ ಹೋಗುತ್ತಿದೆ, ಕರೆಯುವ ಕಡೆ ನೋಡು.' ವಾಪಸ್ ಬಂದಾಗ ಎಲ್ಲಿದ್ದೆ ಅಂತ ತಡಕಾಡುವುದು ತಪ್ಪಿತು. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ರೇಡಾರ್ ಅಲ್ಲ, ಈ ಒಂದು ಸಾಲು. ಏಳಲು ನಾನು ಹಿಂದೇಟು ಹಾಕುತ್ತಿದ್ದುದೇ ಎಳೆ ತಪ್ಪಿಹೋಗುವ ಹೆದರಿಕೆಯಿಂದ.

ಎದ್ದು ಫೋನ್ ಹಿಡಿದರೆ ಅದು ಬಿಡುವಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ ಅನ್ನುವ ನಿಯಮಕ್ಕೆ ಎಲ್‌ಇಡಿಯನ್ನು ಬೇರೆಯಾಗಿ ಮಿನುಗಿಸುತ್ತಿದ್ದೇನೆ. ಫೋನ್ ಪತ್ತೆ ಹಚ್ಚುವ ಸೆನ್ಸರ್ ಮಾತ್ರ ಬೇಡ, ಅಷ್ಟು ನಿಯತ್ತು ಸಾಕು.

ಇದರ ನಡುವೆ ಮಣಿಕಟ್ಟಿಗೆ ಒಳ್ಳೆಯದು ಅಂತ ಎರಡು ತುಂಡಿನ ಕೀಬೋರ್ಡ್ ಆಸೆಯೂ ಹತ್ತಿದೆ. ಕೈಯಲ್ಲೇ ವೈರ್ ಮಾಡುವುದು, ಒಂದೊಂದು ಕೀಲಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್. ಆರ್ಡರ್ ಹಾಕಿಯಾಗಿದೆ, ಬೇರೆ ಅಂಗಡಿಗೆ.

ಪೆಟ್ಟಿಗೆಯಲ್ಲಿ ಇನ್ನೊಂದು ತಕರಾರು ಬಾಕಿ ಇದೆ. ಹಿಂದಕ್ಕೆ ಒರಗಿ ಡಾಕ್ಯುಮೆಂಟೇಶನ್ ಓದುವಾಗ ಗೇಟ್ 1ರ ಗಡಿ ದಾಟಿ ಮತ್ತೆ ಮಾಯವಾಗುತ್ತಿದ್ದೇನೆ. ಪೆಟ್ಟಿಗೆಯನ್ನು ಮಾನಿಟರ್ ಹಿಂದಿನಿಂದ ಮೇಜಿನ ಅಂಚಿಗೆ ತರಬೇಕು. ಅದಕ್ಕೆ ಉದ್ದದ ಯುಎಸ್‌ಬಿ ಕೇಬಲ್ ಬೇಕು, ಡೇಟಾ ವೈರ್ ಇಲ್ಲದೆ ಬರೀ ಚಾರ್ಜ್ ಮಾಡುವಂಥದ್ದಲ್ಲ.